ಹದಿನಾಲ್ಕು ವರ್ಷ ಕೇಳಿದ ಮೇಲೆ: ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’ ರೆಕಾರ್ಡು

ಇದು ಜಾಝ್ ರೆಕಾರ್ಡು, ಮೈಲ್ಸ್ ಅಮೆರಿಕದ ಟ್ರಂಪೆಟ್ ವಾದಕ. ನನ್ನ ಹತ್ತಿರ ಇರುವುದು ಹಳೇ ಎಲ್‌ಪಿ. ಹದಿನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಐದೇ ಟ್ರ್ಯಾಕು, ಮುಕ್ಕಾಲು ಗಂಟೆ. ವಾರಕ್ಕೊಮ್ಮೆಯಾದರೂ ಮುಳ್ಳು ಇಡದೆ ಬಿಟ್ಟಿಲ್ಲ.

ಮೊದಲು ದೂರು ಹೇಳಿಬಿಡುತ್ತೇನೆ. ತಂದ ಹೊಸದರಲ್ಲಿ ಅಕ್ಕ ಮನೆಗೆ ಬಂದಿದ್ದಳು. ಅವಳು ವೀಣೆ ನುಡಿಸುತ್ತಾಳೆ. ಮೊದಲ ಟ್ರ್ಯಾಕು ‘ಸೋ ವಾಟ್’ ಸ್ವಲ್ಪ ಹೊತ್ತು ಕೇಳಿ, “ಇದು ಖರಹರಪ್ರಿಯ ಅಲ್ವೇನೋ? ಗಮಕ ಎಲ್ಲಿ ಹೋಯ್ತು?” ಅಂದಳು. ಹೌದು, ಅದೇ ಸ್ವರಗಳು. ಆ ಸ್ಕೇಲಿಗೆ ಜಾಝ್‌ನವರು ಡೋರಿಯನ್ ಅನ್ನುತ್ತಾರೆ. ಹದಿನಾರು ಬಾರ್ (ನಮ್ಮ ತಾಳದ ಆವರ್ತದ ಹಾಗೆ) ಆದ ಮೇಲೆ ಇಡೀ ಸ್ಕೇಲು ಅರ್ಧ ಸ್ವರ ಮೇಲೇರುತ್ತದೆ, ಎಂಟು ಬಾರ್ ಅಲ್ಲಿದ್ದು ಮತ್ತೆ ಇಳಿಯುತ್ತದೆ. “ಅಯ್ಯೋ, ಷಡ್ಜಾನೇ ಎತ್ತಿಟ್ಟುಬಿಟ್ರಲ್ಲ!” ಅಂತ ನಕ್ಕಳು. ಆಮೇಲೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಆ ಟ್ರ್ಯಾಕಿನ ಡಿ ಶ್ರುತಿಗೆ ಇಟ್ಟು ಜೊತೆಗೆ ಹಾಕಿದಳು. ಸೇರಲಿಲ್ಲ. ರೆಕಾರ್ಡಿನ ಶ್ರುತಿ ಚೂರು ಮೇಲೆ ನಿಂತಿತ್ತು.

ಟರ್ನ್‌ಟೇಬಲ್ಲೇ ಜೋರಾಗಿ ತಿರುಗುತ್ತಿದೆ ಅಂದುಕೊಂಡೆ. ಬೆಲ್ಟ್ ಬದಲಾಯಿಸಿದೆ, ಮೋಟಾರ್ ತೋರಿಸಿದೆ, ದುಡ್ಡು ಹೋಯಿತು. ಒಂದು ದಿನ ಸುಮ್ನೆ ಎರಡನೇ ಮಗ್ಗುಲಿನ ‘ಆಲ್ ಬ್ಲೂಸ್’ಗೆ ಅದರ ಜಿ ಶ್ರುತಿ ಇಟ್ಟು ನೋಡಿದೆ. ಸರಿಯಾಗಿ ಕೂತಿತು! ಒಂದೇ ಪ್ಲೇಟು, ಒಂದೇ ಯಂತ್ರ, ಒಂದು ಮಗ್ಗುಲಿಗೆ ಮಾತ್ರ ರೋಗ. ಓದಿದ ಮೇಲೆ ಗೊತ್ತಾಯಿತು. ಮೊದಲ ಮಗ್ಗುಲಿನ ಮೂರೂ ಟ್ರ್ಯಾಕು ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2ರಂದು ರೆಕಾರ್ಡ್ ಆದವು. ಆ ದಿನ ಟೇಪ್ ಯಂತ್ರ ಕೊಂಚ ನಿಧಾನ ಓಡುತ್ತಿತ್ತು. ಆ ಟೇಪನ್ನು ಸರಿಯಾದ ವೇಗಕ್ಕೆ ಹಾಕಿದರೆ ಶ್ರುತಿ ಏರದೆ ಇರುತ್ತದಾ? ಎರಡನೇ ಮಗ್ಗುಲು ಏಪ್ರಿಲ್ 22ರದು, ಅದಕ್ಕೆ ತೊಂದರೆಯಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಜನ ಹೀಗೇ ಕೇಳಿದರು. 1990ರ ದಶಕದಲ್ಲಿ, ಅಂದು ಜೊತೆಗೇ ಓಡಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಸರಿಪಡಿಸಿದರು. ಈಗ ಕೊಳ್ಳುವವರು ವೇಗ ಸರಿಪಡಿಸಿದ್ದು ಹೌದಾ ಅಂತ ಕೇಳಿಯೇ ಕೊಳ್ಳಿ.

ಶುರುವಿನಲ್ಲಿ ನಾನು ಮೈಲ್ಸ್‌ನ ಟ್ರಂಪೆಟ್ ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಆಮೇಲೆ ಸ್ಯಾಕ್ಸೊಫೋನ್‌ಗಳ ಹುಚ್ಚು. ಕ್ಯಾನನ್‌ಬಾಲ್ ಆಡರ್ಲಿ ನಗುತ್ತಾ ಹರಟೆ ಹೊಡೆದ ಹಾಗೆ ನುಡಿಸುತ್ತಾನೆ, ಕೋಲ್ಟ್ರೇನ್ ಯಾರ ಹತ್ತಿರವೋ ಜಗಳಕ್ಕೆ ನಿಂತಿದ್ದಾನೆ. ಸ್ಪೀಕರ್ ಬದಲಾಯಿಸಿದ ಮೇಲೆ ಡ್ರಮ್ಸ್‌ನ ಜಿಮ್ಮಿ ಕಾಬ್ ಕೇಳಿಸತೊಡಗಿದ. ‘ಸೋ ವಾಟ್’ನಲ್ಲಿ ಒಂದೂವರೆ ನಿಮಿಷದ ಹೊತ್ತಿಗೆ ಮೈಲ್ಸ್‌ನ ಸೋಲೋ ಶುರುವಾಗುತ್ತದೆ. ಅಲ್ಲಿ ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಮೇಲೆ ಒಂದೇ ಒಂದು ಏಟು. ಅದರ ನಾದ ಆರುವ ಮೊದಲೇ ಟ್ರಂಪೆಟ್ ಅದರೊಳಗಿಂದ ಎದ್ದು ಬರುತ್ತದೆ. ಹಳೇ ಸ್ಪೀಕರಿನಲ್ಲಿ ಅದು ಬರೀ ‘ಝಲ್’ ಅನ್ನುತ್ತಿತ್ತು. 2020ರಲ್ಲಿ ಕಾಬ್ 91ನೇ ವಯಸ್ಸಿಗೆ ತೀರಿಕೊಂಡ. ಈ ರೆಕಾರ್ಡಿನಲ್ಲಿ ನುಡಿಸಿದ ಏಳು ಜನರಲ್ಲಿ ಕೊನೆಗೆ ಉಳಿದಿದ್ದವನು ಅವನೇ.

ಬಾಳಿಕೆ ಪರವಾಗಿಲ್ಲ. ಆದರೆ ‘ಬ್ಲೂ ಇನ್ ಗ್ರೀನ್’ನಲ್ಲಿ ಚಟಪಟ ಸದ್ದು ಜಾಸ್ತಿಯಾಗಿದೆ. ಬಿಲ್ ಇವಾನ್ಸ್‌ನ ಪಿಯಾನೋ ಅಷ್ಟು ಮೆತ್ತಗಿರುವ ಕಡೆ ಧೂಳಿನ ಒಂದು ಕಣವೂ ಬಚ್ಚಿಟ್ಟುಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಕವರಿಗೆ ಬೂಷ್ಟು ಬರುತ್ತದೆ. ನೆಟ್ಟಗೆ ನಿಲ್ಲಿಸಿಡಿ, ಗೋಡೆಗೆ ತಾಗಿಸಬೇಡಿ.

ಹೋದ ವರ್ಷ ಸರಿಪಡಿಸಿದ ಸಿಡಿಯನ್ನೂ ಕೊಂಡೆ. ತಂಬೂರಿ ಸೇರಿತು, ಅಕ್ಕ ಖುಷಿಯಾದಳು. ನನಗೆ ಮಾತ್ರ ಮೊದಲ ಮೂರು ಟ್ರ್ಯಾಕು ಯಾಕೋ ಜೋಲು ಬಿದ್ದ ಹಾಗೆ ಅನಿಸುತ್ತದೆ. ಅವಳು ಊರಿಗೆ ಹೋದ ತಕ್ಷಣ ಎಲ್‌ಪಿಯನ್ನೇ ಹಾಕುತ್ತೇನೆ.