ಊರ ಚೌಕದಲ್ಲಿ ಯೇಸು, ಬಾಯಲ್ಲಿ ಪಾಪ್ ಹಾಡು: ಯಾರದ್ದು ಚೆನ್ನ?

ಈಸ್ಟರ್ ಕಥೆಯನ್ನು, ಅಂದರೆ ಯೇಸುವಿನ ಕೊನೆಯ ದಿನಗಳು, ಶಿಲುಬೆಯ ಸಾವು, ಮತ್ತೆ ಎದ್ದು ಬಂದದ್ದನ್ನು, ಊರ ನಡುವಿನ ಚೌಕಕ್ಕೆ ತಂದು, ಜನರಿಗೆ ಮೊದಲೇ ಗೊತ್ತಿರುವ ಪಾಪ್ ಹಾಡುಗಳಲ್ಲಿ ಹೇಳುವ ಪ್ರಯೋಗ ಇಂಗ್ಲೆಂಡ್, ನೆದರ್ಲೆಂಡ್ಸ್, ಅಮೆರಿಕ, ಜರ್ಮನಿಗಳಲ್ಲಿ ನಡೆದಿದೆ. ಇದಕ್ಕೆಂದೇ ಹೊಸ ಹಾಡು ಬರೆಯುವುದಿಲ್ಲ. ರೇಡಿಯೊದಲ್ಲಿ ಕೇಳಿ ಕೇಳಿ ಬಾಯಿಪಾಠವಾದದ್ದನ್ನೇ ಯೇಸು, ಅವನಿಗೆ ದ್ರೋಹ ಬಗೆದ ಶಿಷ್ಯ ಯೂದ, ತಾಯಿ ಮರಿಯ ಹಾಡುತ್ತಾರೆ. ಈ ನಾಲ್ಕೂ ದೇಶಗಳ ರೆಕಾರ್ಡಿಂಗ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ವ್ಯತ್ಯಾಸ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ.

ನನ್ನ ಮಟ್ಟಿಗೆ ಹಾಡಿನ ಆಯ್ಕೆಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನದ್ದೇ ಮೇಲುಗೈ. 2006ರ ಗುಡ್ ಫ್ರೈಡೇ ರಾತ್ರಿ ಆಲ್ಬರ್ಟ್ ಸ್ಕ್ವೇರ್‌ನಲ್ಲಿ ನಡೆದ ಇದನ್ನು ಬಿಬಿಸಿ ತ್ರೀ ವಾಹಿನಿ ನೇರ ಪ್ರಸಾರ ಮಾಡಿತ್ತು. ಹಾಡುಗಳು ಬಹುತೇಕ ಆ ಊರಿನ ಬ್ಯಾಂಡ್‌ಗಳದ್ದೇ. ಯೂದನ ಪಾತ್ರ ಜೇಮ್ಸ್ ಬ್ಯಾಂಡಿನ ಗಾಯಕ ಟಿಮ್ ಬೂತ್ ಅವರದ್ದು. ಅವರು ಹಾಡುವುದು ದಿ ಸ್ಮಿತ್ಸ್‌ನ 'ಹೆವೆನ್ ನೋಸ್ ಐ ಆಮ್ ಮಿಸರಬಲ್ ನೌ' (ನಾನೀಗ ಎಷ್ಟು ದುಃಖದಲ್ಲಿದ್ದೇನೆ ಅಂತ ದೇವರಿಗೇ ಗೊತ್ತು). ಓದಿದರೆ ತಮಾಷೆ ಅನ್ನಿಸುತ್ತೆ, ಅಲ್ವಾ? ಕೇಳುವಾಗ ನಗು ಬರುವುದಿಲ್ಲ. ಕೊನೆಯಲ್ಲಿ ಯೇಸು ಟೌನ್ ಹಾಲ್‌ನ ಎತ್ತರದಲ್ಲಿ ಕಾಣಿಸಿಕೊಂಡು ಸ್ಟೋನ್ ರೋಸಸ್‌ನ 'ಐ ಆಮ್ ದಿ ರಿಸರೆಕ್ಷನ್' (ನಾನೇ ಪುನರುತ್ಥಾನ) ಹಾಡುತ್ತಾನೆ. ಹೆಸರು ಕೇಳಿದರೆ ಈ ಘಳಿಗೆಗೇ ಬರೆದದ್ದು ಅನ್ನಿಸಬೇಕು. ಆದರೆ 1989ರ ಆ ಹಾಡು ಒಬ್ಬರನ್ನು ಬೈದು ದೂರ ತಳ್ಳುವ ಸಿಟ್ಟಿನ ಹಾಡು. ಅದೇ ಸಿಟ್ಟು ಇಲ್ಲಿ ಸಾವಿನ ಕಡೆಗೆ ತಿರುಗಿದ ಹಾಗಿದೆ. ಹಾಡಿನ ಜೊತೆ ಬೆಳೆದ ಊರಿನವರ ಮುಂದೆಯೇ ಅದನ್ನು ಹೀಗೆ ಬೇರೆ ಅರ್ಥಕ್ಕೆ ಬಳಸಲು ಧೈರ್ಯ ಬೇಕು.

ಇದರಿಂದಲೇ ಸ್ಫೂರ್ತಿ ಪಡೆದದ್ದು ನೆದರ್ಲೆಂಡ್ಸ್‌ನ 'ದಿ ಪ್ಯಾಶನ್'. 2011ರಲ್ಲಿ ಗೌಡಾದಲ್ಲಿ ಶುರುವಾಯಿತು. ಗುಡ್ ಫ್ರೈಡೇಯ ಹಿಂದಿನ ಗುರುವಾರ ನಡೆಯುತ್ತದೆ. ರಾಟರ್‌ಡ್ಯಾಮ್, ಗ್ರೋನಿಂಗೆನ್, ಆಮ್‌ಸ್ಟರ್‌ಡ್ಯಾಮ್‌ನ ಬೈಲ್ಮರ್ ಬಡಾವಣೆ ಎಂದು ಊರೂರು ಸುತ್ತಿದೆ. ನನಗೆ ಡಚ್ ಬರುವುದಿಲ್ಲ, ಹಾಗಾಗಿ ಹಾಡುಗಳ ಅರ್ಧ ರುಚಿ ತಪ್ಪಿಹೋಯಿತು. ಪಾತ್ರಧಾರಿಗಳೂ ಬದಲಾಗುತ್ತಿರುತ್ತಾರೆ. ಒಂದು ವರ್ಷದ ಯೇಸು ಕಣ್ಣು ತೇವ ಮಾಡಿಸಿದರೆ ಇನ್ನೊಂದು ವರ್ಷದವನು ಟಿವಿ ಸ್ಪರ್ಧೆಗೆ ಬಂದವನಂತೆ ಕಾಣುತ್ತಾನೆ. ಆದರೂ ನಾನು ಮತ್ತೆ ಮತ್ತೆ ನೋಡಿದ್ದು ಇದನ್ನೇ. ಕಾರಣ ಆ ಶಿಲುಬೆ. ಒಳಗಿನಿಂದ ಬೆಳಗುವ ದೊಡ್ಡ ಬಿಳಿ ಶಿಲುಬೆಯನ್ನು ಸಾಮಾನ್ಯ ಜನ ಹೆಗಲು ಕೊಟ್ಟು ಊರೊಳಗೆ ಹೊತ್ತು ತರುತ್ತಾರೆ. ವರದಿಗಾರರೊಬ್ಬರು ಜೊತೆಗೆ ನಡೆಯುತ್ತಾ ಅವರನ್ನು ಮಾತಾಡಿಸುತ್ತಾರೆ. ಜನ ತಮ್ಮ ಕಷ್ಟ, ತಮ್ಮವರ ಸಾವು, ಯಾಕೆ ಬಂದೆವು ಅನ್ನುವುದನ್ನು ಹೇಳುತ್ತಾರೆ. ಸಬ್‌ಟೈಟಲ್ ಓದಿಕೊಂಡು ನೋಡಿದರೂ ಅದು ತಟ್ಟುತ್ತದೆ. ವೇದಿಕೆಯ ಮೇಲಿನ ಯಾವ ಗಾಯಕನಿಗೂ ಅಷ್ಟು ಸಾಧ್ಯವಾಗಿಲ್ಲ.

ಅಮೆರಿಕದ್ದು ನಿರಾಸೆ ಮಾಡಿತು. 2016ರ ಮಾರ್ಚ್ 20, ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ನ್ಯೂ ಆರ್ಲಿಯನ್ಸ್, ಫಾಕ್ಸ್ ವಾಹಿನಿ. ಇಲ್ಲೂ 20 ಅಡಿಯ ಬೆಳಕಿನ ಶಿಲುಬೆ ಇದೆ. ಜಾಸ್ ಹುಟ್ಟಿದ ಊರು, ಆದರೆ ಮುಖ್ಯ ಘಟ್ಟಗಳಲ್ಲಿ ಕೇಳಿಸುವುದು ಕೇಟಿ ಪೆರಿಯ ಪಾಪ್, ಇವನೆಸೆನ್ಸ್ ಬ್ಯಾಂಡಿನ ರಾಕ್! ಆ ಹಾಡುಗಳನ್ನು ಯಾವ ಊರಲ್ಲಿ ಬೇಕಾದರೂ ಹಾಡಬಹುದಿತ್ತು. ಯೂದನಾದ ಕ್ರಿಸ್ ಡಾಟ್ರಿ ಗಂಟಲು ಬಿಚ್ಚಿ ಹಾಡುತ್ತಾರೆ, ಮರಿಯಳಾಗಿ ಟ್ರಿಶಾ ಯಿಯರ್‌ವುಡ್ ಕೂಡ ಚೆನ್ನಾಗಿದ್ದಾರೆ. ಆದರೆ ಬಿಸಿ ಏರುವಷ್ಟರಲ್ಲಿ ಜಾಹೀರಾತು. ಶಿಲುಬೆಗೇರಿಸಿದ ಭಾಗವನ್ನಂತೂ ನಿರೂಪಕ ಟೈಲರ್ ಪೆರಿ ಸುಮ್ನೆ ಬಾಯಿಮಾತಲ್ಲಿ ಹೇಳಿ ಮುಗಿಸುತ್ತಾರೆ.

ಜರ್ಮನಿಯ ಆರ್‌ಟಿಎಲ್ ವಾಹಿನಿ 2022ರಲ್ಲಿ ಎಸೆನ್‌ನಲ್ಲಿ, 2024ರಲ್ಲಿ ಕಾಸೆಲ್‌ನಲ್ಲಿ ಮಾಡಿದ್ದು ಡಚ್ ಮಾದರಿಯನ್ನೇ. ಎಸೆನ್‌ನಲ್ಲಿ ಯೇಸುವಾದ ಅಲೆಕ್ಸಾಂಡರ್ ಕ್ಲಾಸ್ ಸಂಗೀತ ನಾಟಕಗಳಲ್ಲಿ ಪಳಗಿದವರು, ಅದು ದನಿಯಲ್ಲೇ ಗೊತ್ತಾಗುತ್ತದೆ. ಎಲ್ಲ ಅಚ್ಚುಕಟ್ಟು. ಅಚ್ಚುಕಟ್ಟು ಸ್ವಲ್ಪ ಜಾಸ್ತಿಯೇ ಆಯಿತು.

ಇಂಗ್ಲಿಷ್ ರಾಕ್ ಕೇಳುವವರು ಮ್ಯಾಂಚೆಸ್ಟರ್‌ನದ್ದನ್ನು ನೋಡಿ. ಆ ಹಾಡುಗಳ ಪರಿಚಯವೇ ಇಲ್ಲದಿದ್ದರೆ ಡಚ್ ಆವೃತ್ತಿಯೇ ವಾಸಿ. ಬೇಸರವಾದರೆ ವೇದಿಕೆಯ ಭಾಗ ಓಡಿಸಿ, ಶಿಲುಬೆಯ ಮೆರವಣಿಗೆಯನ್ನು ಮಾತ್ರ ಬಿಡಬೇಡಿ.