‘ಗಿಡದ ಉಪ್ಪು’ ಎಂದು ನಂಬಿಸಿ ಮಾರುವ ಸೊಪ್ಪಿನ ಪುಡಿ: ರಕ್ತದೊತ್ತಡ ಇರುವವರು ಮುಟ್ಟಬೇಡಿ

ನಮ್ಮ ಅತ್ತೆಗೆ ಬಹಳ ವರ್ಷಗಳಿಂದ ರಕ್ತದೊತ್ತಡ. ಸಪ್ಪೆ ಗಂಜಿ, ಸಪ್ಪೆ ಪಲ್ಯ ಉಂಡು ಅವರಿಗೆ ಊಟವೇ ಬೇಸರವಾಗಿತ್ತು. ಸಂತೆಯಲ್ಲಿ ಸಾವಯವ ಪದಾರ್ಥ ಮಾರುವವರೊಬ್ಬರು ಕಡಲಂಚಿನ ದಪ್ಪ ಎಲೆಯ ಸೊಪ್ಪನ್ನೂ ಅದನ್ನು ಒಣಗಿಸಿದ ಪುಡಿಯನ್ನೂ ಕೊಟ್ಟು, "ಇದು ಗಿಡದ ಉಪ್ಪು, ಒತ್ತಡ ಏರಿಸುವುದಿಲ್ಲ, ಧಾರಾಳವಾಗಿ ಬಳಸಿ" ಎಂದರು. ಅತ್ತೆ ತಂಬುಳಿಗೂ ಗಂಜಿಗೂ ಹಾಕಿಕೊಂಡು ಎಷ್ಟೋ ಕಾಲದ ಮೇಲೆ ತೃಪ್ತಿಯಿಂದ ಉಂಡರು. ಕೆಲವೇ ವಾರಗಳಲ್ಲಿ ಕಾಲು ಬಾತುಕೊಂಡಿತು, ತಲೆನೋವು ಬಿಡಲಿಲ್ಲ, ಒತ್ತಡ ಮಾತ್ರೆಗೂ ಬಗ್ಗದಷ್ಟು ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ವೈದ್ಯರು ಮೊದಲು ನಿಲ್ಲಿಸಿದ್ದೇ ಆ ಪುಡಿಯನ್ನು. ಬಾಯಿರುಚಿಗಾಗಿ ಹಂಬಲಿಸುತ್ತಿದ್ದ ವಯಸ್ಸಾದವರಿಗೆ ಹೀಗೆ ಸುಳ್ಳು ಹೇಳಿ ಮಾರಿದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆ ಗಿಡ ಸೆಸುವಿಯಂ ಪೋರ್ಟುಲಕಾಸ್ಟ್ರಂ. ಅಳಿವೆಗಳ ಅಂಚಿನಲ್ಲಿ, ಉಪ್ಪುನೀರು ಹಾಯುವ ಕಡೆ ನೆಲಕ್ಕೆ ಹಬ್ಬಿ ಬೆಳೆಯುತ್ತದೆ. ನೋಡಲು ಗೋಣಿಸೊಪ್ಪಿನ ಹಾಗೆಯೇ ಇದ್ದರೂ ಹೂವು ಹಳದಿಯಲ್ಲ, ನಸುಗೆಂಪು. ನೆಲದ ಸೋಡಿಯಂ ಅನ್ನು ಹೀರಿ ಎಲೆಯ ಕೋಶಗಳಲ್ಲಿ ತುಂಬಿಟ್ಟುಕೊಳ್ಳುವುದರಿಂದಲೇ ಅದು ಅಲ್ಲಿ ಬದುಕುತ್ತದೆ. ಆ ಸೋಡಿಯಂಗೂ ಒತ್ತಡ ಏರಿಸುವ ಅಡುಗೆ ಉಪ್ಪಿನ ಸೋಡಿಯಂಗೂ ವ್ಯತ್ಯಾಸವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ವಯಸ್ಕರಿಗೇ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು 2 ಗ್ರಾಂ ಸೋಡಿಯಂ ಸಾಕು ಎನ್ನುತ್ತದೆ. ಒಣಗಿಸಿದಾಗ ಎಲೆಯ ನೀರಷ್ಟೇ ಹೋಗಿ ಉಪ್ಪು ಉಳಿಯುವುದರಿಂದ ಪುಡಿ ಹಸಿ ಸೊಪ್ಪಿಗಿಂತ ಅಪಾಯಕಾರಿ.

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಎಲ್ಲಿಂದ ಕೊಯ್ದದ್ದೆಂದು ಒತ್ತಾಯಿಸಿ ಕೇಳಿದಾಗ, ಪೇಟೆಯ ಚರಂಡಿ ಹೊಳೆಗೆ ಸೇರುವ ಜಾಗ ಎಂದರು. ಈ ಗಿಡ ಕ್ಯಾಡ್ಮಿಯಂ, ಸೀಸದಂತಹ ಲೋಹಗಳನ್ನೂ ಹೀರಿಕೊಳ್ಳುತ್ತದೆ. ಕಲುಷಿತ ನೆಲವನ್ನು ಶುದ್ಧಗೊಳಿಸಲು ಇದನ್ನು ಬೆಳೆಸಿ ಪ್ರಯೋಗಗಳು ನಡೆದಿವೆ. ಎಲೆಯ ಒಳಗೆ ಸೇರಿದ್ದು ಎಷ್ಟು ತೊಳೆದರೂ ಹೋಗುವುದಿಲ್ಲ.

ಸೊಪ್ಪೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆರೋಗ್ಯವಾಗಿರುವವರು ತಿನ್ನಬೇಕೆಂದಿದ್ದರೆ ಶುದ್ಧ ಜಾಗದ ಗೆಣ್ಣಿರುವ ತುಂಡೊಂದನ್ನು ಮರಳು ಬೆರೆಸಿದ ಮಣ್ಣಿನಲ್ಲಿ, ಚೆನ್ನಾಗಿ ಬಿಸಿಲು ಬೀಳುವಲ್ಲಿ ನೆಡಿ. ಸುಲಭವಾಗಿ ಬೇರು ಬಿಡುತ್ತದೆ. ಸಿಹಿನೀರೇ ಸಾಕು. ವಾರಕ್ಕೊಮ್ಮೆ ಉಪ್ಪುನೀರು ಹಾಕಿ ಎಂದೂ ಅದೇ ಮಾರಾಟಗಾರರು ಹೇಳಿದ್ದರು. ಕುಂಡದಿಂದ ಹರಿದ ಆ ನೀರಿಗೆ ಪಕ್ಕದ ಬಸಳೆ ಬಳ್ಳಿ ಸುಟ್ಟುಹೋಯಿತು. ಎಳೆಯ ಕುಡಿಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ, ನೀರು ಬಸಿದು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ. ಉಪ್ಪಿನ ಜೊತೆ, ಮೂತ್ರಪಿಂಡದಲ್ಲಿ ಕಲ್ಲಾಗಲು ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶವೂ ಸ್ವಲ್ಪ ಇಳಿಯುತ್ತದೆ. ಬೇರೆ ಉಪ್ಪು ಹಾಕುವ ಮೊದಲು ರುಚಿ ನೋಡಿ. ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇರುವವರು ವೈದ್ಯರನ್ನು ಕೇಳದೆ ತಿನ್ನಲೇಬೇಡಿ.

ಅತ್ತೆ ಚೇತರಿಸಿಕೊಂಡಿದ್ದಾರೆ. ನಡೆದದ್ದನ್ನೆಲ್ಲ ಮಾರಾಟಗಾರರಿಗೆ ತಿಳಿಸಿದ ಮೇಲೂ ಪುಡಿ ಅದೇ ಮಾತಿನೊಂದಿಗೆ ಮಾರಾಟವಾಗುತ್ತಿದೆ. ಪೊಟ್ಟಣದ ಮೇಲೆ ಸೋಡಿಯಂ ಪ್ರಮಾಣವಾಗಲಿ, ಆಹಾರ ಪರವಾನಗಿಯ ಸಂಖ್ಯೆಯಾಗಲಿ ಇಲ್ಲ. ಅವೆರಡೂ ಇಲ್ಲದ ಪೊಟ್ಟಣವನ್ನು ಯಾರೇ ಕೊಟ್ಟರೂ ಹಿಂದಿರುಗಿಸಿ.