ಐದು ವರ್ಷ ದುಡಿಸಿದ ಸೆಕೆಂಡ್‌ಹ್ಯಾಂಡ್ ವೇಫರ್ ರೋಬೋ: ಕೈ ಗಟ್ಟಿ, ನರ ವೀಕು

ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಆರು ಜನರ ಸಣ್ಣ ವರ್ಕ್‌ಶಾಪ್. ಚಿಪ್ ಮಾಡಲು ಬಳಸುವ ತೆಳು ಸಿಲಿಕಾನ್ ಬಿಲ್ಲೆಗಳನ್ನು, ಅಂದರೆ ವೇಫರ್‌ಗಳನ್ನು, ಮೈಕ್ರೋಸ್ಕೋಪಿನಲ್ಲಿ ತಪಾಸಣೆ ಮಾಡುವ ಯಂತ್ರ ಕಟ್ಟಿಕೊಡುತ್ತೇವೆ. ವೇಫರನ್ನು ಕ್ಯಾಸೆಟ್‌ನಿಂದ (ವೇಫರ್ ಜೋಡಿಸಿಡುವ ಗೂಡು) ತೆಗೆದು, ಮೈಕ್ರೋಸ್ಕೋಪಿನ ಸ್ಟೇಜ್ ಮೇಲಿಟ್ಟು, ಮತ್ತೆ ಅದೇ ಸ್ಲಾಟಿಗೆ ಸೇರಿಸಲು ಒಂದು ಕೈ ಬೇಕು. ಜನರ ಕೈಯಲ್ಲಿ ಮಾಡಿಸಿದರೆ ಚಿಮಟ ತಾಗಿದ ಕಡೆಯೆಲ್ಲ ಗೀರು, ಧೂಳು. ಹೊಸ ರೋಬೋಗೆ ಬಂದ ಕೊಟೇಶನ್ ನೋಡಿ ನಮ್ಮ ಅಕೌಂಟೆಂಟ್ ನಕ್ಕುಬಿಟ್ಟರು. ಅದರ ಐದನೇ ಒಂದು ಭಾಗದ ದುಡ್ಡಿಗೆ ಅಮೆರಿಕದಿಂದ ಹಳೆಯದೊಂದನ್ನು ತರಿಸಿದೆವು. ಈಗ ಐದು ವರ್ಷ ದಾಟಿತು.

ನಮ್ಮದು 1990ರ ದಶಕದ ವಿನ್ಯಾಸ. ಎಂಟು ಇಂಚಿನ, ಅಂದರೆ 200 ಮಿಲಿಮೀಟರ್ ವೇಫರಿಗೆಂದು ಮಾಡಿದ ಒಂಟಿ ಕೈ. ಮೂರೇ ಚಲನೆ: ಏರಿಳಿಯುವುದು, ಸುತ್ತ ತಿರುಗುವುದು, ಕೈ ಚಾಚುವುದು. ಈ ಚಾಚುವುದನ್ನು ನೋಡುವುದೇ ಚೆಂದ. ತೋಳು, ಮುಂಗೈ ಎರಡೂ ಒಂದೇ ಉದ್ದ. ಒಳಗೆ ಹಲ್ಲಿನ ಬೆಲ್ಟ್‌ಗಳು. ಭುಜ ಎಷ್ಟು ತಿರುಗುತ್ತದೋ ಮೊಣಕೈ ಅದರ ಎರಡರಷ್ಟು ಹಿಮ್ಮುಖವಾಗಿ ತಿರುಗುತ್ತದೆ. ಹಾಗಾಗಿ ಒಂದೇ ಮೋಟಾರಿನಲ್ಲಿ, ವೇಫರ್ ಹೊರುವ ತುದಿಯ ಪಟ್ಟಿ, ಅಂದರೆ ಅಂಗೈ, ಗೆರೆ ಎಳೆದಂತೆ ನೇರ ಮುಂದೆ ಹೋಗುತ್ತದೆ. ಮೂವತ್ತು ವರ್ಷದ ಹಿಂದಿನ ಈ ಲೆಕ್ಕ ಇವತ್ತಿಗೂ ಹಳತಾಗಿಲ್ಲ.

ಗುಜರಾತಿನ ಧೋಲೇರಾದ ಟಾಟಾ ಚಿಪ್ ಕಾರ್ಖಾನೆಯ ಸುದ್ದಿ ಬಂದ ಮೇಲೆ ಎಲ್ಲರ ಬಾಯಲ್ಲೂ 12 ಇಂಚಿನದೇ ಮಾತು. ಆದರೆ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ 180 ನ್ಯಾನೋಮೀಟರ್ ಲೈನ್ ಇರುವುದು ಎಂಟು ಇಂಚಿನಲ್ಲೇ. ನಮ್ಮಂಥವರ ಊಟ ಆರು, ಎಂಟು ಇಂಚಿನಲ್ಲೇ ನಡೆಯುತ್ತದೆ.

ಕೊಳ್ಳುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. 'ವ್ಯಾಕ್ಯೂಮ್ ರೋಬೋ' ಅಂದರೆ ನಿರ್ವಾತದ ಚೇಂಬರ್ ಒಳಗೇ ಕೆಲಸ ಮಾಡುವ ರೋಬೋ. ಅಲ್ಲಿ ಗಾಳಿಯೇ ಇಲ್ಲ, ಹೀರಿ ಹಿಡಿಯುವುದು ಹೇಗೆ? ವೇಫರ್ ತನ್ನ ಭಾರಕ್ಕೇ ಕೂತಿರುತ್ತದೆ. ನಮ್ಮಂಥ ಮಾಮೂಲಿ ಗಾಳಿಯಲ್ಲಿ ಓಡುವ ರೋಬೋ ಮಾತ್ರ ವೇಫರನ್ನು ಅಡಿಯಿಂದ ಹೀರಿ ಹಿಡಿಯುತ್ತದೆ. ಪರಿಚಯದವರೊಬ್ಬರು ಹೆಸರು ನೋಡಿ ಮೊದಲನೆಯದನ್ನು ತರಿಸಿದರು. ಅದು ಈಗಲೂ ಪೆಟ್ಟಿಗೆಯಲ್ಲೇ ಇದೆ.

ಈ ಮಾರುಕಟ್ಟೆ ನನಗೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯನ್ನು ನೆನಪಿಸಿತು. ಅಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುತ್ತಾರೆ. ಇಲ್ಲೂ ವೆಬ್‌ಸೈಟಿನಲ್ಲಿ ಬೆಲೆ ಇರುವುದಿಲ್ಲ, 'ಕೊಟೇಶನ್ ಕೇಳಿ' ಅಂತ ಮಾತ್ರ. ಹಾಗಂತ ಹಲ್ಲು ನೋಡದೆ, ನಡೆಸಿ ನೋಡದೆ ಎತ್ತು ಕೊಳ್ಳುತ್ತೇವಾ? ನಮ್ಮ ಭಾವಮೈದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ. ಸಾಫ್ಟ್‌ವೇರ್‌ನವನು, ಸ್ಕ್ರೂಡ್ರೈವರ್ ಹಿಡಿದವನಲ್ಲ. ಶನಿವಾರ ಅವನನ್ನೇ ಅಲ್ಲಿನ ಹಳೇ ಯಂತ್ರದ ವ್ಯಾಪಾರಿಯ ಗೋಡೌನಿಗೆ ಕಳಿಸಿ ವಿಡಿಯೋ ಕಾಲ್ ಮಾಡಿಸಿದೆ.

'ಕೈ ಪೂರ್ತಿ ಚಾಚಿಸು. ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸು' ಅಂದೆ.

'ಅಲ್ಲಾಡುತ್ತೆ ಭಾವ.'

'ಎಷ್ಟು?'

'ನಮ್ಮಜ್ಜಿ ಮುಂದಿನ ಹಲ್ಲಿನಷ್ಟು.'

ಅದನ್ನು ಬಿಟ್ಟೆವು. ಪಕ್ಕದಲ್ಲಿದ್ದ ಇನ್ನೊಂದು ಅಲ್ಲಾಡಲಿಲ್ಲ. ಅದನ್ನೇ ತಂದೆವು. ತುದಿ ಅಲ್ಲಾಡಿದರೆ ಒಳಗೆ ಬೆಲ್ಟ್ ಸಡಿಲವಾಗಿದೆ ಅಥವಾ ಬೇರಿಂಗ್ ಸವೆದಿದೆ ಎಂದೇ ಲೆಕ್ಕ. 'ಟೆಸ್ಟೆಡ್' ಎಂಬ ಚೀಟಿಯನ್ನು ಜಾಸ್ತಿ ನಂಬಬೇಡಿ. ಬರೀ ಪವರ್ ಕೊಟ್ಟು ದೀಪ ಹತ್ತಿದ್ದು ನೋಡಿದರೂ ಟೆಸ್ಟೆಡ್ಡೇ. 'ಆ್ಯಸ್ ಈಸ್' ಅನ್ನುವುದೇ ವಾಸಿ, ಕೆಟ್ಟಿರಬಹುದು ಅಂತ ನೇರವಾಗಿ ಹೇಳುತ್ತದೆ.

ಕೊಳ್ಳುವಾಗ ಸೆಟ್ ಆಗಿ ಕೊಳ್ಳಿ. ಕೈ, ಅದರದೇ ಕಂಟ್ರೋಲರ್, ನಡುವಿನ ಕೇಬಲ್, ಕೈಗೆ ಜಾಗ ಕಲಿಸುವ ರಿಮೋಟಿನಂಥ ಪೆಂಡೆಂಟ್, ಎಲ್ಲವೂ. ಎಷ್ಟೋ ಕಂಟ್ರೋಲರ್‌ಗಳಲ್ಲಿ ಅದೇ ರೋಬೋಗೆ ಹೊಂದಿಸಿದ ಅಂಕಿಗಳು ಕೂತಿರುತ್ತವೆ. ಬೇರೆ ಕಂಟ್ರೋಲರ್ ಜೋಡಿಸಿದರೆ ಕೈ ಓಡೀತು, ಆದರೆ ಹೇಳಿದ ಜಾಗಕ್ಕೇ ಹೋಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ನಮಗೆ ಕಂಟ್ರೋಲರ್ ಸರಿಯಾಗಿಯೇ ಬಂತು, ಕೇಬಲ್ ಮಾತ್ರ ಬೇರೆ ಮಾಡೆಲ್‌ನದು. ವ್ಯಾಪಾರಿ ಮೂರು ಮೇಲ್‌ಗೆ ಉತ್ತರ ಕೊಟ್ಟ, ನಾಲ್ಕನೆಯದಕ್ಕೆ ಸುಮ್ಮನಾದ. ಕೊನೆಗೆ ಎಸ್‌ಪಿ ರೋಡಿನಲ್ಲಿ ಕನೆಕ್ಟರ್ ಹುಡುಕಿ ನಾವೇ ಕಟ್ಟಿದೆವು. ಹನ್ನೊಂದು ದಿನ ಅದಕ್ಕೇ ಹೋಯಿತು.

ಮ್ಯಾನುಯಲ್ ಹುಡುಕುವವರಿಗೊಂದು ಸುಳಿವು. ಈ ಧಂಧೆಯಲ್ಲಿ ಹೆಸರು ಬದಲಾಗುತ್ತಲೇ ಇರುತ್ತದೆ. ಇಂಥ ರೋಬೋ ಮಾಡುತ್ತಿದ್ದ ಎಕ್ವಿಪ್ ಕಂಪನಿಯನ್ನು ಪಿಆರ್‌ಐ ಎಂಬ ಕಂಪನಿ ಕೊಂಡಿತು, 2002ರಲ್ಲಿ ಪಿಆರ್‌ಐಯನ್ನು ಬ್ರೂಕ್ಸ್ ಕೊಂಡಿತು. ಒಂದೇ ಬಗೆಯ ರೋಬೋ ಮೂರು ಹೆಸರಿನಲ್ಲಿ ಸಿಗುತ್ತದೆ. ಮೂರರಲ್ಲೂ ಹುಡುಕಿ.

ಇನ್ನೊಂದು ಮಾತು, ಇದನ್ನು ಮರೆಯಲೇಬೇಡಿ. ಆ ರೋಬೋ ಮೊದಲು ಯಾವ ಯಂತ್ರದಲ್ಲಿತ್ತು ಎಂದು ಕೇಳಿ. ಆಸಿಡ್, ಆರ್ಸೆನಿಕ್ ಇದ್ದ ಕಡೆಯದಾದರೆ ಶುಚಿ ಮಾಡಿದ್ದಕ್ಕೆ ಸರ್ಟಿಫಿಕೇಟ್ ಕೇಳಿ. ತಾಮ್ರದ ಲೈನಿನಲ್ಲಿದ್ದದ್ದಾದರೆ, ತಾಮ್ರ ತಾಗಬಾರದ ವೇಫರ್ ಮುಟ್ಟಿಸುವಂತಿಲ್ಲ. ಸಿಲಿಕಾನಿನೊಳಗೆ ತಾಮ್ರ ಬಲು ಬೇಗ ಇಳಿಯುತ್ತದೆ.

ಸಾಗಾಟದ ಬಗ್ಗೆ ಚುಟುಕಾಗಿ. ಮರದ ಪೆಟ್ಟಿಗೆಗೆ ಹುಳ ಸಾಯಿಸಿದ ಐಎಸ್‌ಪಿಎಂ-15 ಮುದ್ರೆ ಇರಬೇಕು. ಬಳಸಿದ ಯಂತ್ರವಾದ್ದರಿಂದ ಕಸ್ಟಮ್ಸ್‌ಗೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇಕು. ಅದರಲ್ಲಿ ಉಳಿದ ಆಯಸ್ಸು ಎಷ್ಟು ಅಂತಲೂ ಬರೆಯುತ್ತಾರೆ. ನಮ್ಮದಕ್ಕೆ ಐದು ವರ್ಷ ಅಂತ ಬರೆದಿದ್ದರು. ಕಾಗದದ ಪ್ರಕಾರ ಅದು ಈಗ ತೀರಿಹೋಗಿದೆ.

ಮೊದಲ ವಾರ ಅದು ಒಂದೂ ವೇಫರ್ ಎತ್ತಲಿಲ್ಲ. ಎತ್ತಲು ಹೋಗುತ್ತಿತ್ತು, ಆದರೆ 'ಹಿಡಿತ ಇಲ್ಲ' ಎಂದು ಎರರ್ ಕೊಟ್ಟು ನಿಲ್ಲುತ್ತಿತ್ತು. ವಿಡಿಯೋದಲ್ಲಿ ಚೆನ್ನಾಗಿಯೇ ಓಡಿತ್ತಲ್ಲ? ಪಂಪ್ ಬದಲಾಯಿಸಿದೆವು, ಪೈಪ್ ಬದಲಾಯಿಸಿದೆವು. ಗೇಜಿನ ಮುಂದೆ ಕೂತು ಎರಡು ಲೋಟ ಕಾಫಿ ಕುಡಿದ ಮೇಲೆ ಹೊಳೆಯಿತು. ಕ್ಯಾಲಿಫೋರ್ನಿಯಾದ ಆ ಗೋಡೌನ್ ಇರುವುದು ಸಮುದ್ರ ಮಟ್ಟದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಭಾಗ ಕಡಿಮೆ. ಅಷ್ಟೇ ಒಳ್ಳೆಯ ಪಂಪ್ ಹಾಕಿದರೂ ಹೀರುವ ಬಲ ತೋರಿಸುವ ಗೇಜಿನ ಮುಳ್ಳು ಅಲ್ಲಿ 86 ಕಿಲೋಪ್ಯಾಸ್ಕಲ್ ತೋರಿಸಿದರೆ ಇಲ್ಲಿ 77ಕ್ಕೇ ನಿಲ್ಲುತ್ತದೆ. 80 ದಾಟಿದರೆ ಮಾತ್ರ 'ಹಿಡಿತ ಇದೆ' ಅನ್ನುವಂತೆ ಅವರು ಸೆನ್ಸರನ್ನು ಹೊಂದಿಸಿದ್ದರು. ಚಿಕ್ಕ ಸ್ಕ್ರೂ ತಿರುಗಿಸಿ 60ಕ್ಕೆ ಇಳಿಸಿದೆ. ಹಸಿರು ದೀಪ ಹತ್ತಿತು. ಬೆಂಗಳೂರಿಗೋ ಮೈಸೂರಿಗೋ ಇಂಥದ್ದು ತರಿಸುವವರು ಮೊದಲು ಇದನ್ನು ನೋಡಿ, ಪಂಪಿಗೆ ದುಡ್ಡು ಸುರಿಯಬೇಡಿ.

ಎರಡನೇ ವರ್ಷ ಅದೇ ಎರರ್ ಮತ್ತೆ ಬಂತು, ಈ ಸಲ ವಿಚಿತ್ರವಾಗಿ. ಕೈ ಮಡಚಿದಾಗ ಹಿಡಿತ ಸರಿ. ಪೂರ್ತಿ ಚಾಚಿದಾಗ ಹೋಗುತ್ತಿತ್ತು. ಮೊಣಕೈ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ನಳಿಗೆ ಹಳದಿಯಾಗಿ ಒಣಗಿದ ಹುರಿಯಂತೆ ಗಟ್ಟಿಯಾಗಿತ್ತು. ಬಾಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಕೈ ಚಾಚಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಹೊಸ ನಳಿಗೆ ಹಾಕಿದೆವು. ಮುಚ್ಚಳ ಹೇಗೂ ತೆಗೆದಿತ್ತಲ್ಲ, ಬೆಲ್ಟಿನ ಬಿಗಿಯನ್ನೂ ನೋಡಿಬಿಟ್ಟೆವು. ಬೆಲ್ಟ್ ಚೆನ್ನಾಗಿಯೇ ಇತ್ತು.

ಕೆಟ್ಟ ಪೆಟ್ಟು ಬಿದ್ದದ್ದು ಮೂರನೇ ವರ್ಷದ ಆಯುಧ ಪೂಜೆಗೆ. ಪೀಣ್ಯದಲ್ಲಿ ಆ ದಿನ ಲೇತ್‌ಗೂ ಕುಂಕುಮ, ಕಂಪ್ರೆಸರ್‌ಗೂ ಕುಂಬಳಕಾಯಿ. ರೋಬೋ ಇರುವುದು ಶುದ್ಧ ಗಾಳಿಯ ಗೂಡಿನಲ್ಲಿ. ಅಲ್ಲಿ ಕುಂಕುಮ ಹಾಕಿದರೆ ಮುಗಿಯಿತು, ಒಂದು ಚಿಟಿಕೆಯಲ್ಲೇ ವರ್ಷಕ್ಕಾಗುವಷ್ಟು ಧೂಳು. ಅದಕ್ಕೆ ಹೊರಗಿರುವ ಕಂಟ್ರೋಲರ್ ಪೆಟ್ಟಿಗೆಗೆ ಬೊಟ್ಟು ಇಟ್ಟು, ಹೂ ಏರಿಸಿ, ಮೇನ್ ಸ್ವಿಚ್ ಆರಿಸಿ ನಾಲ್ಕು ದಿನ ರಜೆ ಹೋದೆವು. ಬಂದು ಆನ್ ಮಾಡಿದರೆ ಕಲಿಸಿದ್ದೆಲ್ಲ ಮರೆತು ಕೂತಿತ್ತು. ಕ್ಯಾಸೆಟ್ ಎಲ್ಲಿ, ಸ್ಟೇಜ್ ಎಲ್ಲಿ, ಏನೂ ಗೊತ್ತಿಲ್ಲ. ಒಳಗಿನ ಮೆಮೊರಿಗೆ ಆಸರೆಯಾಗಿದ್ದ ಪುಟ್ಟ ಲಿಥಿಯಂ ಸೆಲ್ ಯಾವಾಗಲೋ ಸತ್ತಿತ್ತು. ಮೇನ್ ಪವರ್ ಇದ್ದಷ್ಟು ದಿನ ಅದು ಗೊತ್ತಾಗಿರಲಿಲ್ಲ. ಬ್ಯಾಕಪ್ ತೆಗೆದಿಟ್ಟಿರಲಿಲ್ಲ. ತಪ್ಪು ನನ್ನದೇ. ಈಗ ತಿಂಗಳಿಗೊಮ್ಮೆ ಆರ್‌ಎಸ್-232 ಕೇಬಲ್ ಹಾಕಿ ಎಲ್ಲ ಅಂಕಿಗಳನ್ನೂ ಕಂಪ್ಯೂಟರಿಗೆ ಇಳಿಸುತ್ತೇವೆ.

ಮತ್ತೆ ಕಲಿಸುವುದಿದೆಯಲ್ಲ, ಅದು ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಿದ ಹಾಗೆ. ಎಂಟು ಇಂಚಿನ ಕ್ಯಾಸೆಟ್‌ನಲ್ಲಿ 25 ಸ್ಲಾಟು, ಒಂದರಿಂದ ಇನ್ನೊಂದಕ್ಕೆ 6.35 ಮಿಲಿಮೀಟರ್. ವೇಫರಿನ ದಪ್ಪ 0.725. ನಮ್ಮ ಅಂಗೈ ದಪ್ಪ ಎರಡೂವರೆ. ಉಳಿಯುವುದು ಮೇಲೆ ಒಂದೂವರೆ, ಕೆಳಗೆ ಒಂದೂವರೆ ಮಿಲಿಮೀಟರ್. ಅಷ್ಟಿದ್ದರೆ ಸಾಕು ಅನ್ನಿಸುತ್ತದೆ. ಆರು ಇಂಚಿನದು ಚಿಕ್ಕದು, ಸುಲಭ ಅಂದುಕೊಂಡಿದ್ದೆ. ಅಲ್ಲಿ ಸ್ಲಾಟುಗಳ ಅಂತರ 4.76 ಮಾತ್ರ. ಅದೇ ಅಂಗೈ ಹಾಕಿದರೆ ಎರಡೂ ಕಡೆ ಒಂದು ಮಿಲಿಮೀಟರೂ ಉಳಿಯುವುದಿಲ್ಲ. ಕ್ಯಾಸೆಟ್ ತುಸು ವಾಲಿದ್ದರೂ ಮೇಲಿನ ವೇಫರಿಗೆ 'ಟಿಕ್' ಅಂತ ತಾಗುತ್ತದೆ. ಆ ಸದ್ದು ಕೇಳಿದರೆ ಈಗಲೂ ನನ್ನ ಕೈ ತಾನಾಗಿ ಕೆಂಪು ಬಟನ್ ಕಡೆ ಹೋಗುತ್ತದೆ. ಆರು ಇಂಚಿಗೆ ಅಂತಲೇ ಕೊಳ್ಳುವವರು ತೆಳು ಅಂಗೈಯನ್ನೂ ಕೇಳಿ ಪಡೆಯಿರಿ.

ಐದು ವರ್ಷದಲ್ಲಿ ಮೋಟಾರ್ ಒಂದೂ ಕೆಟ್ಟಿಲ್ಲ. ಬೇರಿಂಗ್ ಬದಲಾಯಿಸಿಲ್ಲ. ಕೆಟ್ಟದ್ದೆಲ್ಲ ಕೇಬಲ್, ನಳಿಗೆ, ಸೆಲ್, ಇಂಥವೇ. ಕೈಗೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಮಾರಿದವನಿಗೆ ಎರಡು, ಅದೂ ಪ್ಯಾಕಿಂಗ್ ಚೆನ್ನಾಗಿತ್ತು ಅಂತ. ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಓಡಬೇಕಾದ ಲೈನಿಗೆ ಇದನ್ನು ಹಾಕಬೇಡಿ. ಕಾಲೇಜಿನ ಲ್ಯಾಬಿಗೆ, ನಮ್ಮಂಥ ಸಣ್ಣ ತಯಾರಕರಿಗೆ, ಮುಚ್ಚಳ ಬಿಚ್ಚಲು ಹೆದರದವರು ಒಬ್ಬರಾದರೂ ಇರುವ ಕಡೆಗೆ ಧಾರಾಳವಾಗಿ ಕೊಳ್ಳಬಹುದು.

ಸದ್ಯ ಸ್ಪೇರ್ ಇರಲಿ ಅಂತ ಇದೇ ಮಾಡೆಲಿನ ಕಂಟ್ರೋಲರ್ ಹುಡುಕುತ್ತಿದ್ದೇನೆ. ಬರೀ ಕಂಟ್ರೋಲರ್ ಯಾರೂ ಕೊಡುತ್ತಿಲ್ಲ. ಅಜ್ಜಿ ಹಲ್ಲಿನಂತೆ ಅಲ್ಲಾಡುವ ಆ ಇನ್ನೊಂದು ರೋಬೋ ಇನ್ನೂ ಅಲ್ಲೇ ಬಿದ್ದಿದೆಯಾ ನೋಡು ಅಂತ ಭಾವಮೈದನಿಗೆ ಹೇಳಿದ್ದೇನೆ.